ಸಹಾಯ ಬೇಕು: ಪಾತ್ ಆಫ್ ಎಕ್ಸೈಲ್‌ನಲ್ಲಿ ಏನು ಎತ್ಕೋಬೇಕು, ಏನು ಬಿಡಬೇಕು?

ನಮಸ್ಕಾರ. ಆ್ಯಕ್ಷನ್ ಆರ್‌ಪಿಜಿಗೆ (ಪಾತ್ರ ಬೆಳೆಸ್ತಾ ಹೊಡೆದಾಡೋ ಆಟಕ್ಕೆ) ನಾನು ಹೊಸಬ. ಆಡ್ತಿರೋದು 2013ರ ಮೊದಲನೇ ಪಾತ್ ಆಫ್ ಎಕ್ಸೈಲ್, ಎರಡನೇದಲ್ಲ. ರಾಕ್ಷಸರನ್ನ ಹೊಡೆಯೋದಕ್ಕಿಂತ ಬ್ಯಾಗ್ ಖಾಲಿ ಮಾಡೋದ್ರಲ್ಲೇ ಹೊತ್ತು ಹೋಗ್ತಿದೆ. ಇನ್ವೆಂಟರಿಯಲ್ಲಿ ಇರೋದೇ 60 ಚೌಕ, ಒಂದು ಎದೆಕವಚವೇ ಆರು ನುಂಗುತ್ತೆ. ನಾನೋ, ಬಿಳಿ (ತೀರಾ ಮಾಮೂಲಿ ದರ್ಜೆಯ) ಕತ್ತಿಯನ್ನೂ ಬಿಡದ ಜಿಪುಣ.

ಸದ್ಯಕ್ಕೆ ಗೊತ್ತಿರೋದು ಒಂದೇ: ಕೆಂಪು, ಹಸಿರು, ನೀಲಿ ಸಾಕೆಟ್ (ಹರಳು ಕೂರಿಸೋ ಕುಳಿ) ಮೂರೂ ಲಿಂಕ್ ಆಗಿರೋ ಐಟಂ ಮಾರಿದ್ರೆ ಸಾಕೆಟ್ ಬಣ್ಣ ಬದಲಿಸೋ ಕ್ರೊಮ್ಯಾಟಿಕ್ ಆರ್ಬ್ ಸಿಗುತ್ತೆ.

ನಿನ್ನೆ ಮಾಡಿದ ಘನಕಾರ್ಯ ಕೇಳಿ. ಕೂಡಿಟ್ಟಿದ್ದ ಮೂರು ಕೇಯಾಸ್ ಆರ್ಬನ್ನೂ ಒಂದೇ ಹಳದಿ (ಅಪರೂಪದ ದರ್ಜೆಯ) ಬೂಟಿನ ಮೇಲೆ ಸುರಿದೆ. ಮೊದಲಿದ್ದ ಲೈಫೂ ಹೋಯ್ತು, ಓಟದ ವೇಗವೂ ಹೋಯ್ತು. ಉಳಿದಿದ್ದು ಸ್ಟನ್ ರಿಕವರಿ (ಏಟಿಗೆ ತತ್ತರಿಸಿದ್ಮೇಲೆ ಬೇಗ ಚೇತರಿಸೋ ಗುಣ)! ಆ ಆರ್ಬ್ ಹಾಕಿದ್ರೆ ಹಳೇ ಗುಣಗಳೆಲ್ಲ ಅಳಿಸಿ ಹೊಸದು ಬರುತ್ತೆ ಅಂತ ಓದಿದ್ದು ಆಮೇಲೆ. ಈ ಆಟದಲ್ಲಿ ಆರ್ಬೇ ಖರ್ಚು ಮಾಡೋ ದುಡ್ಡೂ, ಕ್ರಾಫ್ಟಿಂಗ್ ಸಾಮಾನೂ ಅದೇ ಅನ್ನೋದು ಇನ್ನೂ ತಲೆಗೆ ಹತ್ತಿಲ್ಲ.

ಕಥೆ ಮುಗಿಯೋವರೆಗೆ ಯಾವ ಆರ್ಬ್ ಧಾರಾಳವಾಗಿ ಬಳಸಬಹುದು, ಯಾವುದನ್ನ ಮುಟ್ಟಲೇಬಾರದು? ಬೇಡದ ಸಾಮಾನನ್ನ ತೆರೆಯಿಂದ ಮರೆಮಾಡೋ ಲೂಟ್ ಫಿಲ್ಟರ್ ಈಗಲೇ ಹಾಕ್ಲಾ, ಹಾಕಿದ್ರೆ ಎಷ್ಟು ಬಿಗಿ? ಆಮೇಲೆ, ಪ್ರತಿ ಹಳದಿ ಐಟಮ್ಮಿಗೂ ಗುಣ ಗುರುತಿಸೋ ವಿಸ್ಡಮ್ ಸ್ಕ್ರೋಲ್ ಸುಡೋದು ದಂಡಾನಾ? ಬೈದು ಹೇಳಿದ್ರೂ ಪರವಾಗಿಲ್ಲ.