ಸಹಾಯ ಬೇಕು: ಅಜ್ಜನ ಎಫ್‌ಡಿ ಅನ್‌ಕ್ಲೇಮ್ಡ್ ಅಂತ ಬರುತ್ತಿದೆ, ದುಡ್ಡು ಸಿಗುತ್ತಾ?

ನಮಸ್ಕಾರ ರೀ ಎಲ್ಲರಿಗೂ. ನಮ್ಮಜ್ಜ ಗದಗಿನಲ್ಲಿ ಇಟ್ಟಿದ್ದ ಎಫ್‌ಡಿ ಈಗ ಉದ್ಗಮ್ ಪೋರ್ಟಲ್‌ನಲ್ಲಿ (ಯಾರೂ ಕೇಳದ ಠೇವಣಿ ಹುಡುಕೋ ರಿಸರ್ವ್ ಬ್ಯಾಂಕಿನ ವೆಬ್‌ಸೈಟ್) ಅನ್‌ಕ್ಲೇಮ್ಡ್ ಪಟ್ಟಿಯಲ್ಲಿದೆ. ಅಂದ್ರೆ ದುಡ್ಡು ಸರ್ಕಾರದ ಪಾಲಾಯ್ತು ಅಂತ ಅವ್ವ ಬೇಜಾರು ಮಾಡಿಕೊಂಡಿದ್ದಾಳೆ. ನಾನು ಓದಿದ ಪ್ರಕಾರ ಹಾಗಲ್ಲ, 10 ವರ್ಷ ಯಾರೂ ಕೇಳದಿದ್ದರೆ ಬ್ಯಾಂಕು ಅದನ್ನು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತದೆ, ಆಮೇಲೂ ವಾರಸುದಾರರು ಅದೇ ಬ್ಯಾಂಕಿಗೆ ಅರ್ಜಿ ಕೊಟ್ಟು ವಾಪಸ್ ಪಡೆಯಬಹುದು, ಅಲ್ವಾ? ರಸೀದಿಯ ಅಂಚು ಹುಳ ತಿಂದಿದೆ, ನಂಬರ್ ಮಾತ್ರ ಚೆನ್ನಾಗಿ ಕಾಣುತ್ತದೆ. ನಾಮಿನಿ ಜಾಗ ಖಾಲಿ. ಮರಣ ಪ್ರಮಾಣಪತ್ರ ಇದೆ. ವಂಶಾವಳಿ ಒಂದೇ ಸಾಕಾ, ಇಲ್ಲಾ ಕೋರ್ಟಿಂದ ವಾರಸಾ ಸರ್ಟಿಫಿಕೇಟೂ ತರಬೇಕಾ? ಅವ್ವನ ಅಣ್ಣ-ತಮ್ಮಂದಿರೆಲ್ಲ ಸಹಿ ಹಾಕಬೇಕಾ? ಹುಬ್ಬಳ್ಳಿ, ಗದಗ ಕಡೆ ಯಾರಾದರೂ ಹೀಗೆ ಬಿಡಿಸಿಕೊಂಡಿದ್ದರೆ ದಯವಿಟ್ಟು ತಿಳಿಸಿ.