ಸಾನಿಯಾ ಮಿರ್ಜಾ ಸಿಂಗಲ್ಸ್ ಬಿಟ್ಟದ್ದನ್ನು ಸೋಲು ಎನ್ನಬಹುದೇ?

ಸರಸ್ವತಿಪುರಂ ಅಪ್ಪ:

ನನ್ನ ಮಗಳಿಗೆ ಹದಿಮೂರು ವರ್ಷ. ನಾಲ್ಕು ವರ್ಷಗಳಿಂದ ಮೈಸೂರಿನಲ್ಲಿಯೇ ಟೆನಿಸ್ ಕಲಿಯುತ್ತಿದ್ದಾಳೆ. ಕಳೆದ ಭಾನುವಾರ ತಿಂಡಿಗೆ ಬಂದಿದ್ದ ನಮ್ಮ ಭಾವನವರು, ಸಾನಿಯಾ ಅವರಿಗೆ ಸಿಂಗಲ್ಸ್‌ನಲ್ಲಿ ಸಿಕ್ಕಿದ್ದು ಒಂದೇ ಒಂದು ಡಬ್ಲ್ಯುಟಿಎ (ಮಹಿಳಾ ವೃತ್ತಿಪರ ಟೆನಿಸ್ ಸಂಸ್ಥೆ) ಪ್ರಶಸ್ತಿ, ಅಲ್ಲಿ ಆಗದೆ ಹೋದದ್ದರಿಂದಲೇ ಅವರು ಡಬಲ್ಸ್ ಹಿಡಿದರು ಎಂದುಬಿಟ್ಟರು. ಮಗಳು ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದಳು. ಅವಳ ತರಬೇತುದಾರರು ಈ ವರ್ಷದಿಂದ ಡಬಲ್ಸ್‌ಗೂ ಸಮಯ ಕೊಡು ಎಂದು ಹೇಳಿರುವುದೇ ಅವಳ ಸಂಕಟಕ್ಕೆ ಕಾರಣ. ಆಟವನ್ನು ಬಹುಕಾಲದಿಂದ ನೋಡಿಕೊಂಡು ಬಂದವರು, ಭಾವನವರ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ದಯವಿಟ್ಟು ತಿಳಿಸಿ.

ಹಳೆಯ ಪ್ರೇಕ್ಷಕ, ಕುವೆಂಪುನಗರ:

ಪ್ರಶಸ್ತಿ ಒಂದೇ ಎಂಬುದು ನಿಜ. ಅದು 2005ರ ಫೆಬ್ರುವರಿಯಲ್ಲಿ, ಅವರು ಬೆಳೆದ ಹೈದರಾಬಾದಿನಲ್ಲಿಯೇ ಬಂದದ್ದು. ಆದರೆ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ ಎಂಬುದನ್ನು ನಿಮ್ಮ ಭಾವನವರು ಮರೆತಂತಿದೆ. ಅದಕ್ಕೆ ಏಳು ವರ್ಷಗಳ ಹಿಂದೆ, 1998ರ ಆಸ್ಟ್ರೇಲಿಯಾ ಓಪನ್‌ನಲ್ಲಿ ನಿರುಪಮಾ ವೈದ್ಯನಾಥನ್ ಮುಖ್ಯ ಸುತ್ತಿನ ಒಂದು ಪಂದ್ಯ ಗೆದ್ದದ್ದೇ ನಮ್ಮ ದೇಶದ ಮಹಿಳೆಯರ ಪಾಲಿಗೆ ದೊಡ್ಡ ಸುದ್ದಿಯಾಗಿತ್ತು. ಸಾನಿಯಾ 2005ರಲ್ಲಿ ವೈಲ್ಡ್ ಕಾರ್ಡ್ (ಆಯೋಜಕರು ನೀಡುವ ವಿಶೇಷ ಪ್ರವೇಶ) ಪಡೆದು ಅದೇ ಟೂರ್ನಿಗೆ ಹೋಗಿ ಮೂರನೆಯ ಸುತ್ತಿನಲ್ಲಿ ಸೆರೆನಾ ವಿಲಿಯಮ್ಸ್ ಅವರಿಗೆ ಸೋತರು. ಆ ಸಲ ಟ್ರೋಫಿ ಎತ್ತಿದವರೂ ಸೆರೆನಾ ಅವರೇ. ಅದೇ ವರ್ಷ ಅಮೆರಿಕ ಓಪನ್‌ನಲ್ಲಿ ನಾಲ್ಕನೆಯ ಸುತ್ತು ತಲುಪಿ ಶರಪೋವಾ ಅವರಿಗೆ ಮಣಿದಾಗ ಸಾನಿಯಾ ಅವರಿಗಿನ್ನೂ ಹದಿನೆಂಟು ವರ್ಷ.

2007ರ ಆಗಸ್ಟ್‌ನಲ್ಲಿ ಅವರು ಸಿಂಗಲ್ಸ್ ರ್‍ಯಾಂಕಿಂಗ್‌ನಲ್ಲಿ 27ಕ್ಕೆ ಏರಿದರು. ಗ್ರ್ಯಾನ್‌ಸ್ಲಾಮ್ ಎನ್ನುವ ನಾಲ್ಕು ದೊಡ್ಡ ಟೂರ್ನಿಗಳಲ್ಲಿ 32 ಮಂದಿಗೆ ಶ್ರೇಯಾಂಕ (ಪ್ರಬಲರು ಆರಂಭದಲ್ಲೇ ಪರಸ್ಪರ ಎದುರಾಗದಂತೆ ಕೊಡುವ ಕ್ರಮಾಂಕ) ಕೊಡುವುದರಿಂದ, ಆ ಸ್ಥಾನದಲ್ಲಿರುವವರಿಗೆ ಮೂರನೆಯ ಸುತ್ತಿನವರೆಗೆ ಮತ್ತೊಬ್ಬ ಶ್ರೇಯಾಂಕಿತೆ ಎದುರಾಗುವುದಿಲ್ಲ. ಆ ಅನುಕೂಲವನ್ನು ದುಡಿದು ಸಂಪಾದಿಸಿದ ಮೇಲೆ ಬಲ ಮಣಿಕಟ್ಟು ಕೈಕೊಟ್ಟಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಸಿಂಗಲ್ಸ್ ಪಂದ್ಯವನ್ನು ಅವರು ಅರ್ಧದಲ್ಲೇ ಬಿಡಬೇಕಾಯಿತು. ಅವರ ಇಡೀ ಆಟ ನಿಂತಿದ್ದು ಫೋರ್‌ಹ್ಯಾಂಡ್ ಮೇಲೆ, ಫೋರ್‌ಹ್ಯಾಂಡ್ ನಿಂತಿದ್ದು ಅದೇ ಮಣಿಕಟ್ಟಿನ ಮೇಲೆ. ಆದರೂ ಅವರು ಸಿಂಗಲ್ಸ್ ಆಟವನ್ನು 2012ರವರೆಗೆ ಎಳೆದುಕೊಂಡು ಹೋದರು.

ಮಂಡ್ಯದ ಡಬಲ್ಸ್ ಪ್ರೇಮಿ:

ಡಬಲ್ಸ್ ಎಂದರೆ ಸಿಂಗಲ್ಸ್‌ನಲ್ಲಿ ಹಿಂದೆ ಬಿದ್ದವರ ಆಟ ಎಂಬ ಭಾವನೆಯೇ ತಪ್ಪು, ಸರ್. ಸಾನಿಯಾ ಅವರ ಸರ್ವ್ ಎಂದೂ ಬಲವಾಗಿರಲಿಲ್ಲ. ಸಿಂಗಲ್ಸ್‌ನಲ್ಲಿ ಎದುರಾಳಿಗಳು ಅವರ ಎರಡನೆಯ ಸರ್ವ್‌ಗಾಗಿಯೇ ಕಾದು ಮುನ್ನುಗ್ಗುತ್ತಿದ್ದರು. ಡಬಲ್ಸ್‌ನಲ್ಲಿ ಆ ಕೊರತೆಯನ್ನು ಮುಚ್ಚಲು ನೆಟ್ ಬಳಿ ಇನ್ನೊಬ್ಬರು ನಿಂತಿರುತ್ತಾರೆ. ಮಾರ್ಟಿನಾ ಹಿಂಗಿಸ್ ಅವರಂಥವರು ಅಲ್ಲಿದ್ದರೆ, ಎದುರಾಳಿಯು ಚೆಂಡನ್ನು ಹಿಂದಿರುಗಿಸುವ ಮೊದಲೇ ಅವರು ಯಾವಾಗ ಅಡ್ಡ ಬಂದು ವಾಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆತ) ಹೊಡೆಯುತ್ತಾರೋ ಎಂದು ಅಂಜಬೇಕಾಗುತ್ತದೆ; ಆ ಅಂಜಿಕೆಯಿಂದ ಸಡಿಲವಾಗಿ ಬಂದ ಚೆಂಡು ಸಾನಿಯಾ ಅವರ ಫೋರ್‌ಹ್ಯಾಂಡ್‌ಗೆ ಸಿಕ್ಕರೆ ಪಾಯಿಂಟ್ ಅಲ್ಲಿಗೆ ಮುಗಿಯಿತು.

ಸಾನಿಯಾ, ಹಿಂಗಿಸ್ ಜೋಡಿಯಾಗಿ ಆಡಿದ 2015ರ ವಿಂಬಲ್ಡನ್ ಡಬಲ್ಸ್ ಫೈನಲ್ ನೋಡದಿದ್ದರೆ ಮಗಳಿಗೆ ತೋರಿಸಿ. ಮಕರೋವಾ, ವೆಸ್ನಿನಾ ಜೋಡಿಯ ಎದುರು ಮೊದಲ ಸೆಟ್ 5-7ರಿಂದ ಹೋಗಿತ್ತು, ಎರಡನೆಯದು ಟೈಬ್ರೇಕರ್‌ನಲ್ಲಿ ಉಳಿಯಿತು, ಮೂರನೆಯದರಲ್ಲಿ 2-5 ಹಿನ್ನಡೆ. ಅಲ್ಲಿಂದ ಐದು ಗೇಮ್‌ಗಳನ್ನು ಸತತವಾಗಿ ಗೆದ್ದು 7-5ರಲ್ಲಿ ಮುಗಿಸಿದರು. ಆ ವರ್ಷದ ಅಮೆರಿಕ ಓಪನ್, 2016ರ ಆಸ್ಟ್ರೇಲಿಯಾ ಓಪನ್ ಕೂಡ ಸಾನಿಯಾ, ಹಿಂಗಿಸ್ ಜೋಡಿಯ ಪಾಲಾದವು, ನಡುವೆ ಒಂದೂ ಸೋಲಿಲ್ಲದೆ; ಸತತ 41 ಪಂದ್ಯಗಳ ಗೆಲುವಿನ ಓಟ ಅದು. ಮಿಶ್ರ ಡಬಲ್ಸ್‌ನ ಮೂರು ಗ್ರ್ಯಾನ್‌ಸ್ಲಾಮ್‌ಗಳು ಬೇರೆ. ಡಬಲ್ಸ್ ರ್‍ಯಾಂಕಿಂಗ್‌ನ ಮೊದಲ ಸ್ಥಾನದಲ್ಲಿ ಅವರು ಒಟ್ಟು 91 ವಾರ ಇದ್ದರು.

ಎದುರು ವಾದ:

ಮೇಲಿನವರ ಅಭಿಮಾನವನ್ನು ಗೌರವಿಸುತ್ತಲೇ ಒಂದು ಮಾತು ಹೇಳುತ್ತೇನೆ. ಸಿಂಗಲ್ಸ್‌ನ ಅಗ್ರ ಆಟಗಾರ್ತಿಯರಲ್ಲಿ ಹಲವರು ಡಬಲ್ಸ್ ಆಡುವುದೇ ಇಲ್ಲ, ಬಹುಮಾನದ ಹಣದಲ್ಲಿಯೂ ಅಜಗಜಾಂತರವಿದೆ. ಮಣಿಕಟ್ಟು ಸರಿಯಿದ್ದಿದ್ದರೆ ಸಾನಿಯಾ ಅವರೇ ಸಿಂಗಲ್ಸ್ ಬಿಡುತ್ತಿದ್ದರೇ? ಆದ್ದರಿಂದ ಭಾವನವರ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಹದಿಮೂರರ ಹುಡುಗಿ ಮೊದಲು ಸಿಂಗಲ್ಸ್ ಆಡಿಯೇ ಕಾಲು, ಉಸಿರು ಎರಡನ್ನೂ ಗಟ್ಟಿ ಮಾಡಿಕೊಳ್ಳಬೇಕು.

ಮಂಡ್ಯದ ಡಬಲ್ಸ್ ಪ್ರೇಮಿ:

ಕಾಲಿನ ವಿಷಯ ಒಪ್ಪಿದೆ. ಆದರೆ ಸಿಂಗಲ್ಸ್‌ನಲ್ಲಿಯೂ ವಿಶ್ವದ ಮೊದಲ ಸ್ಥಾನದಲ್ಲಿದ್ದ ಹಿಂಗಿಸ್ ಆರಿಸಿಕೊಂಡ ಜೊತೆಗಾರ್ತಿಯನ್ನು ‘ಆಗದೆ ಬಂದವರು’ ಎನ್ನುವುದು ನನಗೆ ಸರಿಬೀಳುವುದಿಲ್ಲ. ಇನ್ನೊಂದು ಸಂಗತಿ ನಮ್ಮ ಸೀಮೆಗೆ ಸೇರಿದ್ದು: ಹದಿನಾಲ್ಕರ ವಯಸ್ಸಿನಲ್ಲಿ ಸಾನಿಯಾ ಅವರ ಮೊದಲ ಮಿಶ್ರ ಡಬಲ್ಸ್ ಜೊತೆಗಾರರಾಗಿದ್ದವರು ನಮ್ಮ ಕೊಡಗಿನ ರೋಹನ್ ಬೋಪಣ್ಣ. 2023ರ ಆಸ್ಟ್ರೇಲಿಯಾ ಓಪನ್‌ನಲ್ಲಿ, ತಾಯಿಯಾದ ಬಳಿಕವೂ ಆಡಿದ ತಮ್ಮ ಕೊನೆಯ ಗ್ರ್ಯಾನ್‌ಸ್ಲಾಮ್‌ನಲ್ಲಿ, ಸಾನಿಯಾ ಫೈನಲ್‌ವರೆಗೆ ಹೋಗಿ ಸೋತದ್ದೂ ಅವರ ಜೊತೆಯಲ್ಲಿಯೇ. ಮರುವರ್ಷ 43ರ ವಯಸ್ಸಿನಲ್ಲಿ ಬೋಪಣ್ಣ ಅದೇ ಟೂರ್ನಿಯಲ್ಲಿ ಪುರುಷರ ಡಬಲ್ಸ್ ಗೆದ್ದರು.

ಸರಸ್ವತಿಪುರಂ ಅಪ್ಪ:

ಎಲ್ಲರಿಗೂ ಧನ್ಯವಾದಗಳು. ಬೋಪಣ್ಣನವರ ವಿಷಯ ಓದಿ ಹೇಳಿದಾಗ ಮಗಳು ಮೊದಲ ಸಲ ಮುಖ ಎತ್ತಿದಳು. ವಿಂಬಲ್ಡನ್ ಫೈನಲ್ಲಿನ ಮೂರನೆಯ ಸೆಟ್ಟನ್ನು ರಾತ್ರಿ ಇಬ್ಬರೂ ಕುಳಿತು ನೋಡಿದೆವು. ಹಿಂಗಿಸ್ ನೆಟ್ ಬಳಿ ಯಾವಾಗ ಕದಲುತ್ತಾರೆ ಎಂಬುದನ್ನು ಹಿಡಿಯಲು ಅವಳು ಒಂದೇ ಪಾಯಿಂಟನ್ನು ನಾಲ್ಕು ಸಲ ಹಿಂದಕ್ಕೆ ಓಡಿಸಿದಳು. ಮಂಗಳವಾರ, ಗುರುವಾರ ಡಬಲ್ಸ್, ಉಳಿದ ದಿನ ಸಿಂಗಲ್ಸ್ ಎಂದು ತರಬೇತುದಾರರ ಜೊತೆ ಮಾತಾಗಿದೆ. ಭಾವನವರು ಮಾತ್ರ ಇನ್ನೂ ಒಪ್ಪಿಲ್ಲ.