ಈಟಿಂಗ್ ಡಿಸಾರ್ಡರ್‌ಗೆ ಸಪೋರ್ಟ್ ಗ್ರೂಪ್: ಹೋಗಿ ಬಂದವರು ಹೇಳುತ್ತೀರಾ?

ಪ್ರಶ್ನೆ: ಬುಲಿಮಿಯಾಗೆ (ಒಮ್ಮೆಲೇ ವಿಪರೀತ ತಿಂದು, ಆಮೇಲೆ ವಾಂತಿಯಂಥ ದಾರಿಯಲ್ಲಿ ಹೊರಹಾಕುವ ಕಾಯಿಲೆ) ಚಿಕಿತ್ಸೆ ತಗೊಳ್ಳುತ್ತಿದ್ದೇನೆ. ಡಾಕ್ಟರ್, ಕೌನ್ಸೆಲರ್ ಇಬ್ಬರೂ ಒಳ್ಳೆಯವರು. ಆದರೆ ಕಷ್ಟ ಆಗೋದು ರಾತ್ರಿ, ಒಬ್ಬಳೇ ಇದ್ದಾಗ. ಇದೇ ಕಾಯಿಲೆ ಅನುಭವಿಸಿದವರು ಸೇರಿ ನಡೆಸುವ ಗುಂಪುಗಳಿವೆಯಂತೆ. ಯಾವುದಕ್ಕೆ ಹೋಗಲಿ?

ಉತ್ತರ: ಖಂಡಿತ ಹೋಗಿ. ನನಗೂ ಇದೇ ಕಾಯಿಲೆ ಇತ್ತು. ಆದರೆ ಎಲ್ಲ ಗುಂಪೂ ಒಂದೇ ಥರ ಇರುವುದಿಲ್ಲ. ಅಲ್ಲಿ ಊಟದ ಬಗ್ಗೆ ಹೇಗೆ ಮಾತಾಡುತ್ತಾರೆ ಅನ್ನೋದನ್ನು ಮೊದಲು ಗಮನಿಸಿ.

ಓವರ್‌ಈಟರ್ಸ್ ಅನಾನಿಮಸ್ ಹಳೆಯದು, 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಯಿತು. ಕುಡಿತ ಬಿಡುವವರ ಗುಂಪು (ಆಲ್ಕೊಹಾಲಿಕ್ಸ್ ಅನಾನಿಮಸ್) ಹಂತ ಹಂತವಾಗಿ ಅನುಸರಿಸುವ 12 ಮೆಟ್ಟಿಲುಗಳನ್ನೇ ಊಟದ ವಿಷಯಕ್ಕೆ ಹೊಂದಿಸಿಕೊಂಡರು. ಅಲ್ಲಿ ಹಲವರು ಊಟದ ಪ್ಲಾನ್ ಮಾಡಿಕೊಳ್ಳುತ್ತಾರೆ. ಕೆಲವರು ಕೆಲವು ತಿಂಡಿಗಳನ್ನು ಪೂರ್ತಿ ಬಿಡುತ್ತಾರೆ. ಈಟಿಂಗ್ ಡಿಸಾರ್ಡರ್ಸ್ ಅನಾನಿಮಸ್ 2000ದಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಶುರುವಾದದ್ದು. ಅಲ್ಲಿ ಗುರಿ ಅಂದರೆ ತಿಂಡಿ ಬಿಡೋದಲ್ಲ, ಬ್ಯಾಲೆನ್ಸ್. ಕುಡಿತ ಬಿಟ್ಟು ಬದುಕಬಹುದು, ಊಟ ಬಿಟ್ಟು ಬದುಕೋಕಾಗಲ್ಲ ಅಲ್ವಾ. ಬುಲಿಮಿಯಾ ಇರುವವರಿಗೆ ನನ್ನ ಮತ ಇದಕ್ಕೇ. 'ಇದು ತಿನ್ನಬಾರದು' ಅನ್ನುವ ಪಟ್ಟಿ ಬೆಳೆದಷ್ಟೂ ಹಸಿವು ಹೆಚ್ಚುತ್ತದೆ. ಆಮೇಲೆ ಒಮ್ಮೆಲೇ ಕಟ್ಟೆ ಒಡೆಯುತ್ತದೆ.

ನಾನು ಹೋಗುತ್ತಿದ್ದ ಗುಂಪಿನಲ್ಲಿ ಒಮ್ಮೆ ಒಬ್ಬರು ತಮ್ಮ ತೂಕ ಎಷ್ಟಿತ್ತು ಅಂತ ಹೇಳಲು ಹೊರಟರು. ಮೀಟಿಂಗ್ ನಡೆಸುತ್ತಿದ್ದ ಅಕ್ಕ ಮೆಲ್ಲಗೆ ತಡೆದು, "ಅಂಕಿ ಬೇಡ. ಆ ಹೊತ್ತು ನಿಮಗೆ ಏನನ್ನಿಸಿತು, ಅದನ್ನು ಹೇಳಿ" ಎಂದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆದರಿಕೆ" ಅಂದರು. ಯಾರೂ ಬುದ್ಧಿ ಹೇಳಲಿಲ್ಲ. ಸುಮ್ನೆ ಕೇಳಿಸಿಕೊಂಡೆವು. ತೂಕ, ಕ್ಯಾಲೊರಿ, ವಾಂತಿಯ ವಿವರ ಇವುಗಳನ್ನು ಹೀಗೆ ತಡೆಯುವ ಗುಂಪು ಸಿಕ್ಕರೆ ಅಲ್ಲೇ ಉಳಿಯಿರಿ. ಯಾರು ಜಾಸ್ತಿ ಸಣ್ಣಗಾದರು ಅನ್ನೋ ಮಾತೇ ನಡೆಯುತ್ತಿದ್ದರೆ ಎದ್ದು ಬನ್ನಿ. ಕಾರಣ ಹೇಳಬೇಕಾಗಿಲ್ಲ.

ಇನ್ನೊಬ್ಬರು: ನನ್ನದು ಬಿಂಜ್ ಈಟಿಂಗ್, ಅಂದರೆ ಹಿಡಿತ ತಪ್ಪಿ ಒಮ್ಮೆಲೇ ವಿಪರೀತ ತಿನ್ನೋದು. ನನಗೆ ಓವರ್‌ಈಟರ್ಸ್ ಅನಾನಿಮಸ್ಸೇ ಆಸರೆಯಾಯಿತು, ಹಾಗಾಗಿ ಅದನ್ನು ಪೂರ್ತಿ ತಳ್ಳಿಹಾಕಬೇಡಿ. ನೀವು ರಾತ್ರಿಯ ವಿಷಯ ಹೇಳಿದಿರಲ್ಲ, ಅಲ್ಲಿ ಸ್ಪಾನ್ಸರ್ ಅಂತ ಒಬ್ಬರು ಸಿಗುತ್ತಾರೆ, ನಮಗಿಂತ ಮುಂಚೆ ಈ ದಾರಿ ನಡೆದವರು. ಯಾವ ಹೊತ್ತಿಗೆ ಫೋನ್ ಮಾಡಬಹುದು ಅಂತ ಮೊದಲೇ ಕೇಳಿಕೊಳ್ಳಿ. ಅಡುಗೆಮನೆಗೆ ಹೋಗುವ ಮೊದಲು ನಾನು ಅವರಿಗೆ ಫೋನ್ ಮಾಡುತ್ತಿದ್ದೆ. ಕೆಲವು ಸಲ "ಇವತ್ತು ಆಗ್ತಿಲ್ಲ" ಅಂದಷ್ಟೇ ಸಾಕಾಗುತ್ತಿತ್ತು. ಫೀಸ್ ಇಲ್ಲ, ಇಷ್ಟವಿದ್ದವರು ಕಾಣಿಕೆ ಹಾಕುತ್ತಾರೆ. ಆ ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ. ನಿಮಗೆ ತೋಚಿದ ಹಾಗೆ ಅರ್ಥ ಮಾಡಿಕೊಳ್ಳಬಹುದು, ಬಲವಂತ ಇಲ್ಲ.

ಮತ್ತೊಬ್ಬರು: ಮಗಳಿಗೆ ಅನೊರೆಕ್ಸಿಯಾ (ದಪ್ಪಗಾಗುವ ಭಯದಿಂದ ಊಟವನ್ನೇ ತೀರಾ ಕಡಿಮೆ ಮಾಡುವ ಕಾಯಿಲೆ) ಇದ್ದ ತಾಯಿಯಾಗಿ ಒಂದು ಮಾತು ಹೇಳಲೇಬೇಕು. ಗುಂಪು ಸಿಕ್ಕಿತು ಅಂತ ಡಾಕ್ಟರನ್ನು ಬಿಡಬೇಡಮ್ಮಾ. ಪದೇ ಪದೇ ವಾಂತಿ ಮಾಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ಹೃದಯದ ಬಡಿತ ಏರುಪೇರಾಗುತ್ತದೆ. ನೋಡೋಕೆ ಚೆನ್ನಾಗಿಯೇ ಇರುವವರಿಗೂ ಇದು ಆಗುತ್ತದೆ. ತಲೆಸುತ್ತು, ಎದೆಬಡಿತದಲ್ಲಿ ವ್ಯತ್ಯಾಸ ಇದ್ದರೆ ಅದನ್ನು ಮೀಟಿಂಗ್‌ನಲ್ಲಿ ಹೇಳಿಕೊಂಡು ಕೂರಬಾರದು, ಆಸ್ಪತ್ರೆಗೆ ಹೋಗಬೇಕು. ಸ್ಪಾನ್ಸರ್ ಎಷ್ಟೇ ಪ್ರೀತಿಯಿಂದ ಹೇಳಿದರೂ ಮಾತ್ರೆ ನಿಲ್ಲಿಸಬೇಡ. ಊಟದ ಪ್ಲಾನ್ ಏನೇ ಕೊಟ್ಟರೂ ಮೊದಲು ಡಯಟಿಷಿಯನ್‌ಗೆ ತೋರಿಸು. ಮಗಳಿಗೆ ಮನೆಯಲ್ಲಿ ಪ್ರತಿ ಹೊತ್ತು ಪಕ್ಕದಲ್ಲಿ ಕೂತು ಉಣ್ಣಿಸಿದ್ದೇ ಮೊದಲ ಚಿಕಿತ್ಸೆ. ಗುಂಪಿಗೆ ಹೋಗಿದ್ದು ಮೈಯಲ್ಲಿ ಸ್ವಲ್ಪ ಶಕ್ತಿ ಬಂದ ಮೇಲೆ.

ಮೊದಲು ಉತ್ತರಿಸಿದವರು: ತಾಯಿ ಹೇಳಿದ್ದು ಪೂರ್ತಿ ನಿಜ. ಇನ್ನೊಂದು, ಆನ್‌ಲೈನ್ ಮೀಟಿಂಗ್‌ಗಳೂ ಇವೆ. ಕ್ಯಾಮೆರಾ ಆಫ್ ಮಾಡಿಕೊಂಡು, ಮಾತಾಡದೆ ಕೇಳಿಸಿಕೊಳ್ಳಬಹುದು. ಒಂದು ಮೀಟಿಂಗ್ ಹಿಡಿಸದಿದ್ದರೆ ಬೇರೆಯದನ್ನು ನೋಡಿ. ಒಂದೇ ಹೆಸರಿನ ಗುಂಪುಗಳಲ್ಲೂ ಜನ ಬೇರೆ ಬೇರೆ ಥರ ಇರುತ್ತಾರೆ. ಮೀಟಿಂಗ್ ಯಾವ ಹೊತ್ತಿಗೆ ಅಂತ ನೋಡಿಕೊಂಡು, ನಿಮಗೆ ಕಷ್ಟವಾಗುವ ರಾತ್ರಿ ಹೊತ್ತಿನದನ್ನೇ ಆರಿಸಿಕೊಳ್ಳಿ.